ಸೂಜಿ ಮಾಡದ ತೂತು

ನನ್ನ ಎಡಗಣ್ಣಿನ ಒಳಮೂಲೆಯಿಂದ ಅರ್ಧ ಬೆರಳಿನಷ್ಟು ಕೆಳಗೆ, ಮೂಗಿನ ಪಕ್ಕದಲ್ಲಿ, ಈಗ ಒಂದು ಸಣ್ಣ ಗೆರೆ ಇದೆ. ತೀರ ಹತ್ತಿರ ಬಂದು ನೋಡಿದವರಿಗೆ ಮಾತ್ರ ಕಾಣುತ್ತದೆ. ಅಷ್ಟು ಹತ್ತಿರ ಬಂದು ನೋಡುವವರು ಈ ವಯಸ್ಸಿನಲ್ಲಿ ಯಾರಿದ್ದಾರೆ! ಹದಿನಾಲ್ಕನೆಯ ವರ್ಷದಲ್ಲಿ ಆಪರೇಷನ್ ಆಗುವವರೆಗೆ ಆ ಗೆರೆಯ ಜಾಗದಲ್ಲಿ ಒಂದು ತೂತಿತ್ತು. ಸೂಜಿಮೊನೆಯಷ್ಟೇ ತೂತು. ನಾನು ಅತ್ತರೆ ಕಣ್ಣಿನಿಂದ ಒಂದು ಹನಿ ಇಳಿಯುತ್ತಿತ್ತು, ಆ ತೂತಿನಿಂದಲೂ ಒಂದು ಹನಿ ಇಳಿಯುತ್ತಿತ್ತು. ಅಳದೆ ಸುಮ್ಮನೆ ಕೂತಿದ್ದರೂ ಅಲ್ಲಿ ತೇವ ಆರುತ್ತಿರಲಿಲ್ಲ. ಹುಟ್ಟುವಾಗಲೇ ಬಂದದ್ದು, ಬಹಳ ಅಪರೂಪವಾಗಿ ಕಣ್ಣೀರಿನ ದಾರಿಗೆ ಹೆಚ್ಚಿನದೊಂದು ಕವಲು ಬೆಳೆದು ಚರ್ಮದ ಮೇಲೆ ಬಾಯಿ ತೆರೆದುಬಿಡುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಆದರೆ ಅದಕ್ಕೂ ಬಹಳ ಮೊದಲೇ ನಮ್ಮ ಮನೆಯಲ್ಲಿ ಆ ತೂತಿಗೊಂದು ಕಾರಣ ತೀರ್ಮಾನವಾಗಿತ್ತು. ಆ ಕಾರಣ ನನ್ನ ಅಮ್ಮ. ಒಂಬತ್ತು ವರ್ಷದ ನಾನು, ಮೈತುಂಬ ಹರಳೆಣ್ಣೆ ಹಚ್ಚಿಸಿಕೊಂಡು ಬಚ್ಚಲಲ್ಲಿ ಕೂತಿದ್ದವಳು, ಆ ತೀರ್ಮಾನವನ್ನು ಅಲ್ಲಾಡಿಸಿದ್ದು ಹೇಗೆ ಎಂದು ನೆನೆಸಿಕೊಂಡರೆ ಇವತ್ತಿಗೂ ನನಗೇ ಬೆರಗಾಗುತ್ತದೆ.

ಉಪ್ಪಾರಹಳ್ಳಿಯ ನಮ್ಮ ಮನೆ ರೈಲು ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ಆಮೇಲೆ ಅಡುಗೆಮನೆ, ಕಟ್ಟಕಡೆಗೆ ಹಂಡೆಯೊಲೆಯ ಬಚ್ಚಲು. ಮುಂಬಾಗಿಲಲ್ಲಿ ಕೆಮ್ಮಿದರೆ ಬಚ್ಚಲಲ್ಲಿ ಕೇಳಿಸುತ್ತಿತ್ತು, ಆದ್ದರಿಂದ ಗುಟ್ಟು ಅನ್ನುವುದು ಆ ಮನೆಯಲ್ಲಿ ಬಾಳುವ ವಸ್ತುವೇ ಅಲ್ಲ. ಇದ್ದವರು ನಾಲ್ಕೇ ಜನ. ಅಪ್ಪ ಲೈನ್‌ಮನ್. ಕಂಬ ಹತ್ತಿ ಕರೆಂಟಿನ ತಂತಿ ಮುಟ್ಟುವುದಕ್ಕೆ ಹೆದರದ ಮನುಷ್ಯ, ಮನೆಯೊಳಗೆ ಅಜ್ಜಿಯ ಮಾತನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅಜ್ಜಿ ಎಂದರೆ ಅಪ್ಪನ ತಾಯಿ ನಿಂಗಮ್ಮ, ಗುಬ್ಬಿ ಕಡೆಯ ಹಳ್ಳಿಯವಳು. ಹಣೆಯಲ್ಲೊಂದು, ಗಲ್ಲದಲ್ಲೊಂದು, ಎಡಗಣ್ಣಿನ ಕೆಳಗೆ ಮೂಗಿನ ಪಕ್ಕದಲ್ಲೊಂದು, ಹೀಗೆ ಮೂರು ಹಸಿರು ಹಚ್ಚೆಬೊಟ್ಟು. ಹಾಕಿಕೊಂಡ ಒಡವೆಯನ್ನು ಸತ್ತಾಗ ಕಿತ್ತುಕೊಳ್ಳುತ್ತಾರೆ, ಹಚ್ಚೆ ಒಂದೇ ಜೊತೆಗೆ ಬರುವುದು ಎಂದು ಆಗಾಗ ಹೆಮ್ಮೆಯಿಂದ ಹೇಳುತ್ತಿದ್ದಳು. ಅಮ್ಮ ಜಯಮ್ಮ, ಕುಣಿಗಲ್ಲಿನವಳು. ಬೆಳಿಗ್ಗೆ ಅಮ್ಮ ಮುದ್ದೆ ತಿರುವುತ್ತಿದ್ದರೆ ಅಜ್ಜಿ ಪಕ್ಕದಲ್ಲೇ ಮಣೆ ಹಾಕಿ ಕೂತು, ಗಂಟಾಯಿತು, ನೀರು ಕಮ್ಮಿಯಾಯಿತು, ಕೋಲು ಹಿಡಿಯುವುದೇ ಗೊತ್ತಿಲ್ಲ ಎಂದು ವರದಿ ಕೊಡುತ್ತಿದ್ದಳು. ಅಮ್ಮ ಮುದ್ದೆಯ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳೋ ಏನೋ, ನಮ್ಮ ಮನೆಯ ಮುದ್ದೆ ಬಲು ಮಿದು ಇರುತ್ತಿತ್ತು.

ನಡುಮನೆಯ ಕಿಟಕಿಯ ಕೆಳಗೆ, ಹಳೆಯ ಹೂವಿನ ಚಾದರ ಹೊದ್ದುಕೊಂಡು ಅಮ್ಮನ ಹೊಲಿಗೆ ಮಿಷಿನ್ ನಿಂತಿತ್ತು. ಕಾಲಲ್ಲಿ ತುಳಿಯುವ ಮಿಷಿನ್. ಮದುವೆಗೆ ಮೊದಲು ಅಮ್ಮ ಕುಣಿಗಲ್ಲಿನಲ್ಲಿ ಅವರ ಬೀದಿಯ ಹೆಂಗಸರಿಗೆಲ್ಲ ರವಿಕೆ ಹೊಲಿಯುತ್ತಿದ್ದಳಂತೆ. ಕುಣಿಗಲ್ ತಾತ ಮಗಳ ಜೊತೆಗೆ ಅದನ್ನೂ ಲಗೇಜು ಆಟೋಗೆ ಏರಿಸಿ ಕಳಿಸಿದ್ದರು. ನಾನು ಹುಟ್ಟಿದ ವಾರಕ್ಕೇ ಅಜ್ಜಿ ಅದರ ಚರ್ಮದ ಬೆಲ್ಟು ಬಿಚ್ಚಿ ತನ್ನ ಟ್ರಂಕಿಗೆ ಹಾಕಿ ಬೀಗ ಜಡಿದಳು. ನಾನು ಸ್ಕೂಲಿಗೆ ಸೇರಿದ ಮೇಲೆ ಅದೇ ನನ್ನ ಓದುವ ಮೇಜಾಯಿತು. ಮಗ್ಗಿ ಉರು ಹೊಡೆಯುತ್ತ ನಾನು ಪೆಡಲ್ ತುಳಿದರೆ ಅದು ಬರಿದೇ ಮೇಲೆ ಕೆಳಗೆ ಆಡುತ್ತಿತ್ತು, ಮೇಲಿನ ಚಕ್ರ ಕದಲುತ್ತಲೇ ಇರಲಿಲ್ಲ. ಮಿಷಿನ್ ಬಿಡಿ, ಕೈಸೂಜಿಯನ್ನೂ ಅಮ್ಮ ಮುಟ್ಟುವಂತಿರಲಿಲ್ಲ. ಅಪ್ಪನ ಅಂಗಿಯ ಗುಂಡಿ ಬಿದ್ದರೆ ಮಂಜುಗಣ್ಣಿನ ಅಜ್ಜಿಯೇ ಹಾಕಬೇಕು. ಬಿಳಿ ಅಂಗಿಗೆ ಕರಿ ದಾರ, ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ. ಅಪ್ಪ ಹಾಗೇ ಸೊಟ್ಟಗೆ ತೊಟ್ಟುಕೊಂಡು ಡ್ಯೂಟಿಗೆ ಹೋಗುತ್ತಿದ್ದ. ಅಮ್ಮ ಬಾಗಿಲಲ್ಲಿ ನಿಂತು ಬೀದಿಯಲ್ಲಿ ಹೋಗುವ ಹೆಂಗಸರ ರವಿಕೆಗಳನ್ನು ನೋಡುತ್ತಿದ್ದಳು. ಅಜ್ಜಿಯ ರವಿಕೆಯನ್ನೂ ಅವಳು ಬಿಟ್ಟವಳಲ್ಲ.

“ನಿಮ್ಮಜ್ಜಿ ರವಿಕೆ ತೋಳು ನೋಡು, ಹೆಂಗೆ ಎಳೀತಾ ಇದೆ. ಕಂಕುಳಲ್ಲಿ ಒಂದು ಚೂರು ಬಿಟ್ಟಿದ್ರೆ ಆಗ್ತಿತ್ತು,” ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಳು.

ಈ ಸೂಜಿವೈರಕ್ಕೆ ಕಾರಣವನ್ನು ಅಜ್ಜಿ ಮನೆಗೆ ಬಂದ ಪ್ರತಿಯೊಬ್ಬರಿಗೂ ಉಪ್ಪು ಖಾರ ಹಚ್ಚಿ ಹೇಳುತ್ತಿದ್ದಳು. ಕಾಫಿ ಲೋಟ ಕೈಗೆ ಬರುವುದಕ್ಕೂ ಅಜ್ಜಿ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸುವುದಕ್ಕೂ ಸರಿಹೋಗುತ್ತಿತ್ತು.

“ನೋಡಿ, ಇಲ್ಲಿ. ಏಳು ತಿಂಗ್ಳು ತುಂಬಿತ್ತು ಇವ್ಳಿಗೆ. ಗ್ರಾಣ ಹಿಡ್ದದೆ ಅಂತ ನಾವೆಲ್ಲ ಬಾಗ್ಲು ಹಾಕ್ಕೊಂಡು, ನೀರ್ಗೆ ಗರಿಕೆ ಹಾಕಿ ಕೂತಿದ್ರೆ, ಈ ಮಾರಾಯ್ತಿ ಒಳಗೆ ಕುಲಾವಿ ಹೊಲೀತಾವ್ಳೆ! ಅಲ್ಲಿ ಬಟ್ಟೆಗೆ ಚುಚ್ಚಿದ್ದು ಇಲ್ಲಿ ಮಗೀಗೆ ಚುಚ್ತು. ಸೂಜಿ ಅಂದ್ರೆ ಏನು ಅಂತ ನಂಗೊತ್ತು ಕಣ್ರವ್ವ, ನಂಗೊತ್ತು.”

ಆ ‘ನಂಗೊತ್ತು’ ಅನ್ನುವಾಗ ಅವಳ ದನಿ ಯಾಕೆ ಅಷ್ಟು ಗಟ್ಟಿಯಾಗುತ್ತಿತ್ತು ಎಂದು ಆಗ ಯಾರಿಗೂ ತಿಳಿದಿರಲಿಲ್ಲ. ಕೇಳಿದವರು ಚ್ಚುಚ್ಚು ಎನ್ನುತ್ತಿದ್ದರು. ಅಮ್ಮ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೆ ಒಂದು ವಿಷಯ ಹೇಳಲೇಬೇಕು: ಅಜ್ಜಿಗಿಂತ ಹೆಚ್ಚಾಗಿ ಅದನ್ನು ನಂಬಿದ್ದವಳು ಅಮ್ಮನೇ. ಆ ಕುಲಾವಿಯನ್ನು ಅವಳು ಎಸೆದಿರಲಿಲ್ಲ. ಬಟ್ಟೆ ಇಡುವ ಗೂಡಿನ ತಳದಲ್ಲಿ, ಪೇಪರಿನ ಕೆಳಗೆ ಬಚ್ಚಿಟ್ಟಿದ್ದಳು. ಒಂದು ಕಡೆ ಅಂಚು ಮಡಿಚಿ ಹೊಲಿದಿತ್ತು, ಇನ್ನೊಂದು ಕಡೆ ದಾರ ನೇತಾಡುತ್ತಿತ್ತು. ಬೆಳಿಗ್ಗೆ ನನ್ನ ಮುಖ ತೊಳೆಸಿದ ಮೇಲೆ ಹಳೆಯ ಪಂಚೆಯ ಮೆತ್ತನೆ ಚೂರಿನಿಂದ ಅವಳು ನನ್ನ ಕಣ್ಣು ಒರೆಸುತ್ತಿರಲಿಲ್ಲ, ಅದಕ್ಕೂ ಕೆಳಗೆ ಆ ತೂತಿನ ಮೇಲೆ ಒತ್ತಿ ಒತ್ತಿ ತೇವ ಆರಿಸುತ್ತಿದ್ದಳು. ಒಂದು ದಿನ ಹಾಗೆ ಒತ್ತುತ್ತ ಹೇಳಿದಳು:

“ಒಂದಂಚು ಉಳಿದಿತ್ತು ರೇಣು. ಬರೀ ಒಂದಂಚು. ಮಾರನೇ ದಿನ ಹೊಲಿದಿದ್ರೆ ನಂಗೆ ಏನಾಗ್ತಿತ್ತು ಹೇಳು?”

ನನಗೆ ಆ ತೂತಿನಿಂದ ದುಃಖವೇನೂ ಇರಲಿಲ್ಲ, ಸತ್ಯ ಹೇಳುತ್ತೇನೆ. ಸ್ಕೂಲಿನಲ್ಲಿ ‘ನಲ್ಲಿ ರೇಣು’ ಎಂದು ಅಡ್ಡಹೆಸರಿತ್ತು, ಇರಲಿ. ಮೂಗು ಹಿಡಿದು ಉಸಿರು ಬಿಗಿದರೆ ತೂತಿನಲ್ಲಿ ಸಣ್ಣ ಗುಳ್ಳೆ ಏಳುತ್ತದೆ ಎಂದು ನಾನೇ ಕಂಡುಹಿಡಿದಿದ್ದೆ. ಊಟದ ಬಿಡುವಿನಲ್ಲಿ ಒಂದು ಹುಣಸೆಕಾಯಿ ಕೊಟ್ಟವರಿಗೆ ಗುಳ್ಳೆಯ ಪ್ರದರ್ಶನ! ಮೂಗು ಚುಚ್ಚಿಸಲು ಕರೆದುಕೊಂಡು ಹೋದಾಗ ಆಚಾರ್ರು ನನ್ನ ಮುಖ ಎತ್ತಿ, “ಇದ್ಯಾವನಮ್ಮ ಮೊದ್ಲೇ ಚುಚ್ಚವ್ನೆ, ಅದೂ ಇಷ್ಟು ಮೇಲಕ್ಕೆ?” ಎಂದು ಬೆರಗಾದರು. ನಾನು ನಕ್ಕೆ. ಅಮ್ಮ ನಗಲಿಲ್ಲ. ತೂತು ನನ್ನ ಮುಖದಲ್ಲಿದ್ದರೂ ನೋವು ಅಮ್ಮನದು ಎಂದು ನನಗೆ ಅರ್ಥವಾದದ್ದು ಆವತ್ತು.

ಮೂರನೇ ಕ್ಲಾಸಿನ ಕೊನೆಯಲ್ಲಿ ನೆಗಡಿ ಬಂದು ಆ ಜಾಗ ಊದಿಕೊಂಡು ಕೀವಾಯಿತು. ಅಜ್ಜಿಯ ನಂದಬಟ್ಟಲು ಹೂವಿನ ಮದ್ದಿಗೆ ಅದು ಬಗ್ಗಲಿಲ್ಲ. ಬಟವಾಡಿಯಲ್ಲಿ ಹೊಸದಾಗಿ ಒಬ್ಬರು ಕಣ್ಣಿನ ಡಾಕ್ಟ್ರಮ್ಮ ಬಂದಿದ್ದರು. ಆಟೋ ಹಿಡಿದು ಅಲ್ಲಿಗೆ ಹೋದೆವು. ಸೊಸೆಯೊಬ್ಬಳನ್ನೇ ಕಳಿಸಿದರೆ ಡಾಕ್ಟರ ಹತ್ತಿರ ಏನೇನು ಹೇಳಿಬಿಡುತ್ತಾಳೋ ಎಂದು ಅಜ್ಜಿಯೂ ಹತ್ತಿ ಕೂತಳು. ಡಾಕ್ಟ್ರಮ್ಮ ಔಷಧ ಕೊಟ್ಟು, ಊತ ಇಳಿದ ಮೇಲೆ ಮತ್ತೆ ಬರಲು ಹೇಳಿದರು. ಎರಡನೇ ಸಲ ಹೋದಾಗ ಹಳದಿ ಬಣ್ಣ ಹತ್ತಿದ ಒಂದು ಕಾಗದದ ಚೂರನ್ನು ನನ್ನ ಕಣ್ಣಿಗೆ ಮೆಲ್ಲಗೆ ತಾಗಿಸಿದರು. ದೀಪ ಆರಿಸಿ ನೀಲಿ ಬೆಳಕಿನ ಟಾರ್ಚ್ ಹಿಡಿದು ಅಮ್ಮನನ್ನು ಹತ್ತಿರ ಕರೆದರು. ನನ್ನ ಕೈಗೊಂದು ಕನ್ನಡಿ ಕೊಟ್ಟರು. ಅಬ್ಬಾ! ನನ್ನ ತೂತಿನ ಬಾಯಲ್ಲಿ, ಕತ್ತಲೆಯೊಳಗೆ, ಮಿಂಚುಹುಳದಂಥ ಹಸಿರು ಹನಿಯೊಂದು ಮೂಡಿ ದಪ್ಪವಾಗುತ್ತಿತ್ತು.

“ನೋಡು ಪುಟ್ಟಿ, ಕಣ್ಣಿಗೆ ಹಾಕಿದ್ದು ಇಲ್ಲಿ ಬಂತು. ಎಲ್ಲರಿಗೂ ಕಣ್ಣಿನ ಮೂಲೆಯಿಂದ ಮೂಗಿನೊಳಗೆ ಒಂದು ಪೈಪು ಇರುತ್ತೆ. ಅತ್ತಾಗ ಮೂಗು ಸೋರೋದು ಅದಕ್ಕೇನೇ. ನಿಂಗೆ ಆ ಪೈಪಿಗೆ ಒಂದು ಎಕ್ಸ್‌ಟ್ರಾ ಕವಲಿದೆ, ಅಷ್ಟೇ.”

ಅತ್ತಾಗ ಮೂಗು ಯಾಕೆ ಸೋರುತ್ತದೆ ಎಂದು ಒಂಬತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ! ಮುಖದೊಳಗೆ ದಾರಿಗಳಿವೆ, ಮೂಲೆಗಳಿವೆ, ಕವಲುಗಳಿವೆ! ಆ ಕುರ್ಚಿಯಲ್ಲಿ ಕೂತೇ ನನಗೆ ಕುಣಿಯುವ ಹಾಗಾಯಿತು. ಆಗ ಅಮ್ಮ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ತೀರ ಸಣ್ಣ ದನಿಯಲ್ಲಿ ಕೇಳಿದಳು.

“ಸೂಜಿಯಿಂದ ಆಗಿರ್ಬೋದಾ ಡಾಕ್ಟ್ರೇ? ನಾನು ಗ್ರಹಣದಲ್ಲಿ, ಏಳನೇ ತಿಂಗಳಲ್ಲಿ…”

“ಯಾವ ಸೂಜಿನೂ ಅಲ್ಲ, ಯಾವ ಗ್ರಹಣನೂ ಅಲ್ಲ. ಇದು ಮಗು ಹೊಟ್ಟೇಲಿ ಮೊದಮೊದಲ ತಿಂಗಳಲ್ಲೇ ಆಗೋದು. ನೀವು ಸೂಜಿ ಹಿಡಿಯೋ ಹೊತ್ತಿಗೆ ಇದು ಆಗಿ ಮುಗಿದಿತ್ತು. ಕೆಲವರಿಗೆ ಹಿರಿಯರಿಂದ ಬರುತ್ತೆ, ಕೆಲವರಿಗೆ ಯಾರಿಗೂ ಇಲ್ಲದೆನೂ ಬರುತ್ತೆ. ನಿಮ್ಮನೇಲಿ ಇನ್ಯಾರಿಗಾದ್ರೂ ಇದ್ಯಾ?”

ಅಜ್ಜಿ ಬೆಂಚಿನಿಂದ ಎದ್ದೇ ನಿಂತಳು.

“ನಮ್ ವಂಸದಲ್ಲಿ ಯಾರ್ಗೂ ಇಲ್ಲ ಕಣ್ ತಾಯಿ. ಇದ್ರೆ ಅತ್ಲಾಗೆ, ಕುಣಿಗಲ್ಲಲ್ಲಿ ಇರ್ಬೇಕು.”

ಡಾಕ್ಟ್ರಮ್ಮ ನಕ್ಕು ನನ್ನ ಕಡೆ ತಿರುಗಿದರು. “ಹಂಗಾದ್ರೆ ನೀನೇ ಹುಡುಕು ಪುಟ್ಟಿ. ಎಲ್ಲರ ಮುಖನೂ ನೋಡಿ ನಂಗೆ ಬಂದು ಹೇಳು.” ಅವರು ತಮಾಷೆಗೆ ಅಂದಿರಬಹುದು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಆಟೋದಲ್ಲಿ ಅಜ್ಜಿ, “ಚಿಕ್ ವಯಸ್ಸಿನ ಡಾಕ್ಟ್ರು, ಅವ್ಳಿಗೇನ್ ಗೊತ್ತು ಬುಡು,” ಎಂದಳು. ಅಮ್ಮ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅವಳಿಗೆ ಡಾಕ್ಟರ ಮಾತು ನಂಬುವ ಆಸೆ, ನಂಬುವ ಧೈರ್ಯವಿಲ್ಲ. ಇನ್ನೊಂದು ಮುಖದಲ್ಲಿ ಇಂಥದೇ ತೂತು ಸಿಕ್ಕಿಬಿಟ್ಟರೆ ಆ ಧೈರ್ಯ ಬರುತ್ತದೆ ಎಂದು ನನಗೆ ಅನ್ನಿಸಿತು. ಅವತ್ತಿನಿಂದ ನನಗೆ ಊಟ ನಿದ್ದೆ ಯಾವುದೂ ಬೇಡವಾಯಿತು, ಮುಖಗಳು ಬೇಕು!

ಮೊದಲು ಅಪ್ಪ. ಕಂಬದ ಮೇಲೆ ಬಳಸುವ ಅವನದೇ ದೊಡ್ಡ ಟಾರ್ಚ್ ಹಿಡಿದು, ಶೇವಿಂಗ್ ಮಾಡುತ್ತಿದ್ದವನ ಮೂಗಿನ ಪಕ್ಕಕ್ಕೆ ಬಿಟ್ಟೆ. ಬೆಚ್ಚಿ ಗಲ್ಲ ಕುಯ್ದುಕೊಂಡ. ತೂತಿಲ್ಲ. ಬೇಸಿಗೆ ರಜೆಗೆ ಅಮ್ಮನ ಜೊತೆ ಕುಣಿಗಲ್ಲಿಗೆ ಹೋದಾಗ ಟಾರ್ಚೂ ನನ್ನ ಬ್ಯಾಗಿನಲ್ಲಿತ್ತು. ತಾತನನ್ನು ಜಗಲಿಯ ಮೇಲೆ ಮಲಗಿಸಿ ನೋಡಿದೆ. ಮಾವನನ್ನು, ಅತ್ತೆಯನ್ನು, ಅವರ ಮೂರು ಮಕ್ಕಳನ್ನು, ಹಾಲು ಹಾಕಲು ಬಂದವರನ್ನು ಕೂಡ ಬಿಡಲಿಲ್ಲ.

“ಏನ್ಲೇ, ನಮ್ಮೂರ್ ಫಾರಂನಲ್ಲಿ ಕುದುರೆಗಳವೆ, ಅವನ್ನೂ ನೋಡ್ಕೊಂಡ್ ಬಂದ್ಬುಡು!” ಎಂದು ಮಾವ ರೇಗಿಸಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಕುಣಿಗಲ್ಲಿನಲ್ಲಿ ಒಂದೂ ತೂತಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಅದನ್ನು ನಾನು ದೊಡ್ಡದಾಗಿ ಸಾರಿದೆ. ಅಮ್ಮ ಸಾರು ಬಡಿಸುತ್ತಿದ್ದವಳು ಸೌಟನ್ನು ಪಾತ್ರೆಗೆ ಬಿಟ್ಟುಬಿಟ್ಟಳು. ಆ ಕಡೆ ಇಲ್ಲ, ಈ ಕಡೆ ಇಲ್ಲ ಎಂದರೆ ಉಳಿದದ್ದು ಸೂಜಿ ಒಂದೇ ಎಂದು ಅವಳ ಮುಖ ಹೇಳುತ್ತಿತ್ತು. ನನ್ನ ಹುಡುಕಾಟದಿಂದ ಅವಳ ಮೇಲಿನ ಭಾರ ಇನ್ನಷ್ಟು ಹೆಚ್ಚಿತು.

ಉಳಿದಿದ್ದವಳು ಅಜ್ಜಿ. ಅವಳು ಟಾರ್ಚ್ ಕಂಡರೆ ಸಾಕು, “ಕಣ್ಣಿಗ್ ಬುಟ್ರೆ ಕೈ ಮುರೀತೀನಿ,” ಎನ್ನುತ್ತಿದ್ದಳು. ಅಲ್ಲದೆ ನೋಡಬೇಕಾದ ಜಾಗದಲ್ಲಿ ಹಚ್ಚೆಬೊಟ್ಟು ಇತ್ತು, ನೋಡಿದರೂ ಕಾಣುವುದೇನು ಎಂದು ನಾನೂ ಬಿಟ್ಟಿದ್ದೆ. ಎಂಥ ದಡ್ಡಿ ನೋಡಿ!

ಊರಿಂದ ಬಂದ ವಾರ ಎಣ್ಣೆನೀರಿನ ದಿನ. ಅಜ್ಜಿ ನನ್ನನ್ನು ಬಚ್ಚಲ ಕಲ್ಲಿನ ಮೇಲೆ ಕೂರಿಸಿ ನೆತ್ತಿಯಿಂದ ಪಾದದವರೆಗೆ ಹರಳೆಣ್ಣೆ ತಿಕ್ಕಿ, ಮಿಸುಕಾಡಬೇಡ ಎಂದು ಗದರಿಸಿ, ಹಂಡೆಯೊಲೆಗೆ ತೆಂಗಿನ ಮಟ್ಟೆ ತುರುಕುತ್ತ ಕೂತಳು. ಮಟ್ಟೆ ಹಸಿ, ಬಚ್ಚಲ ತುಂಬ ಹೊಗೆ. ನನ್ನ ಕಣ್ಣು ಉರಿದು ನೀರು ಬಂತು. ನಾನು ಕೈ ಎತ್ತಿ ಮೂಗಿನ ಪಕ್ಕ ಒರೆಸಿಕೊಂಡೆ. ಎದುರಿಗೆ ಅಜ್ಜಿಯ ಕಣ್ಣಲ್ಲೂ ನೀರು. ಅವಳೂ ಸೆರಗಿನ ತುದಿ ಎತ್ತಿ ಒರೆಸಿಕೊಂಡಳು. ಬಲಗಡೆ ಒರೆಸಿದ್ದು ಕಣ್ಣನ್ನು. ಎಡಗಡೆ ಒರೆಸಿದ್ದು ಕಣ್ಣನ್ನಲ್ಲ, ಮೂಗಿನ ಪಕ್ಕವನ್ನು! ನಾನು ಒರೆಸಿಕೊಳ್ಳುವ ಜಾಗವನ್ನು! ಮುಂದಕ್ಕೆ ಬಗ್ಗಿ ನೋಡಿದೆ. ಒಲೆಯ ಉರಿ ಭಗ್ಗೆಂದು ಎದ್ದು ಅವಳ ಮುಖದ ಮೇಲೆ ಬೆಳಕು ಬಿತ್ತು. ಆ ಹಸಿರು ಬೊಟ್ಟಿನ ನಟ್ಟನಡುವೆ ಒಂದು ಹನಿ ಮೂಡಿತು. ನೋಡುತ್ತಿದ್ದಂತೆ ದಪ್ಪವಾಯಿತು. ಜಾರಿ ಕೆನ್ನೆಗೆ ಇಳಿಯಿತು. ಇನ್ನೊಂದು ಮೂಡಿತು.

ನಾನು ಕಿರುಚಿದ ಕಿರುಚಿಗೆ ಪಕ್ಕದ ಮನೆಯವರು ಬಾಗಿಲು ತೆರೆದರಂತೆ. ಎಣ್ಣೆ ಮೈಯಲ್ಲೇ ಬಚ್ಚಲಿಂದ ಹಾರಿ, ಅಡುಗೆಮನೆಯಲ್ಲಿ ಒಮ್ಮೆ ಜಾರಿ ಬಿದ್ದು ಎದ್ದು, ನಡುಮನೆಗೆ ಓಡಿದೆ.

“ಅಮ್ಮಾ! ಸಿಕ್ತು! ಅಜ್ಜಿಗೈತೆ! ಅಜ್ಜಿ ಹಚ್ಚೆ ಸೋರ್ತೈತೆ! ಅಮ್ಮಾ, ಬಾ ಬೇಗ!”

ಅಮ್ಮ ನೆನೆಹಾಕಿದ ಒಣ ಅವರೆಕಾಳು ಹಿತುಕುತ್ತಿದ್ದವಳು ಕಾಳಿನ ತಟ್ಟೆ ಚೆಲ್ಲಿ ಎದ್ದಳು. ಅಪ್ಪನೂ ಬಂದ. ಮೂವರೂ ಬಚ್ಚಲ ಬಾಗಿಲಲ್ಲಿ ಗುಂಪು ಕಟ್ಟಿದೆವು. ಅಜ್ಜಿ ಊದುಕೊಳವೆ ಹಿಡಿದು ಕೂತಿದ್ದವಳು ನಮ್ಮನ್ನು ನೋಡಿ, ಕೆನ್ನೆ ಒರೆಸಿಕೊಂಡು, ಚೂರೂ ಅಂಜದೆ ಅಂದಳು.

“ಇದಾ? ಇದು ಹಚ್ಚೆಯೋಳು ಮಾಡಿದ್ದು ಕಣ್ರೋ. ನಾನ್ ಚಿಕ್ಕೋಳಿದ್ದಾಗ ಅವ್ಳ ಸೂಜಿ ಆಳಕ್ಕೆ ಹೋಗ್ಬುಡ್ತು. ಅವತ್ತಿಂದ ಇಂಗೇ ಜಿನುಗ್ತದೆ. ಅದ್ಕೇ ಬಡ್ಕೊಳ್ಳೋದು ನಾನು, ಸೂಜಿ ಅಂದ್ರೆ ಏನು ಅಂತ ನಂಗೊತ್ತು ಅಂತ! ಈಗ್ಲಾದ್ರೂ ತಿಳೀತಾ?”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೆ ಅಪ್ಪ ತಲೆ ಆಡಿಸಿ ಹೊರಟುಹೋದ. ಅಮ್ಮ ಚೆಲ್ಲಿದ ಕಾಳು ಬಳಿಯಲು ಕೂತಳು. ನಾನು ಎಣ್ಣೆಯಲ್ಲಿ ಮಿಂಚುತ್ತ ನಿಂತೇ ಇದ್ದೆ. ಸಾಕ್ಷಿಗೆಂದು ಹಿಡಿದುಕೊಂಡು ಬಂದದ್ದು ಅಜ್ಜಿಯ ಕಡೆಗೇ ಸಾಕ್ಷಿ ಹೇಳಿತ್ತು. ಅವಳು ಸುಳ್ಳು ಹೇಳಿರಲಿಲ್ಲ, ನಿಜವಾಗಿ ಹಾಗೆಂದೇ ನಂಬಿದ್ದಳು; ತನ್ನ ಮುಖದಲ್ಲಿ ಸೂಜಿ ಮಾಡಿದ್ದನ್ನೇ ಮೊಮ್ಮಗಳ ಮುಖದಲ್ಲಿ ಇನ್ನೊಂದು ಸೂಜಿ ಮಾಡಿದೆ ಎಂದು ಅಷ್ಟು ವರ್ಷ ಹೆದರಿಕೊಂಡಿದ್ದಳು. ಅದು ಇವತ್ತು ತಿಳಿಯುತ್ತದೆ. ಆವತ್ತು ನನಗೆ ಬಂದದ್ದು ಸಿಟ್ಟು ಮಾತ್ರ. ಸಿಟ್ಟಿನ ಜೊತೆಗೊಂದು ಯೋಚನೆಯೂ ಬಂತು: ಹಚ್ಚೆಯವಳು ಬರುವುದಕ್ಕೆ ಮೊದಲು ಅಜ್ಜಿಯ ಮುಖ ನೋಡಿದವರು ಯಾರಾದರೂ ಇದ್ದಾರೆಯೇ?

ಇದ್ದಳು. ಗುಬ್ಬಿಯಲ್ಲಿ ಅಜ್ಜಿಯ ಅಕ್ಕ ರಂಗಮ್ಮ, ನಮಗೆಲ್ಲ ದೊಡ್ಡಜ್ಜಿ, ಅಜ್ಜಿಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳು ಬಿದ್ದು ಸೊಂಟ ನೋಯಿಸಿಕೊಂಡಿದ್ದಾಳೆ ಎಂದು ಸುದ್ದಿ ಬಂದದ್ದೇ ತಡ, ನೋಡಿಕೊಂಡು ಬರಲು ಹೊರಟವರ ಮುಂದೆ ನಾನಿದ್ದೆ. ದೊಡ್ಡಜ್ಜಿಗೆ ನೋವಾದದ್ದಕ್ಕೆ ಒಳಗೊಳಗೇ ಖುಷಿಪಟ್ಟ ಪಾಪ ನನ್ನದು. ಬಸ್ಸಿನಲ್ಲಿ ನನ್ನ ಕಾಲು ನೆಲಕ್ಕೆ ನಿಲ್ಲಲಿಲ್ಲ. ದೊಡ್ಡಜ್ಜಿ ನಡುಮನೆಯಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತು, ಕುಟ್ಟಾಣಿಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದಳು. ಅಜ್ಜಿ ಅವಳ ಕಾಲು ಒತ್ತುತ್ತಿದ್ದಳು. ಅಮ್ಮ ಹೊಸ್ತಿಲ ಪಕ್ಕ ಕೂತು, ತಂದ ಮೂಸಂಬಿ ಸುಲಿಯುತ್ತಿದ್ದಳು. ನಾನು ಪೀಠಿಕೆ ಹಾಕಲಿಲ್ಲ.

“ದೊಡ್ಡಜ್ಜಿ, ನಮ್ಮಜ್ಜಿಗೆ ಕಣ್ ಹತ್ರ ಹಚ್ಚೆ ಯಾಕ್ ಹಾಕ್ಸಿದ್ದು?”

“ಅಯ್ಯೋ, ಅದಾ!” ದೊಡ್ಡಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. “ಹುಟ್ಟಿದಾಗ್ಲೇ ಸೋರ್ತಿತ್ತು ಕಣ್ ಮಗ ಅದು. ನಾನೇ ತಾನೆ ಇವ್ಳ್ನ ಎತ್ಕೊಂಡು ತಿರುಗ್ತಿದ್ದಿದ್ದು? ನನ್ ಭುಜ ಯಾವಾಗ್ಲೂ ಒದ್ದೆ. ಹೆಣ್ ಮಗ, ನಾಳೆ ಯಾರ್ ಮದ್ವೆ ಆಯ್ತಾರೆ ಅಂತ ನಮ್ಮವ್ವ ಹಚ್ಚೆಯೋಳ್ನ ಕರ್ಸಿ ತೂತಿನ ಮ್ಯಾಲೇ ಬೊಟ್ಟು ಇಡ್ಸುದ್ಲು. ನಾಕು ವರ್ಸ ಆಗ ಇವ್ಳಿಗೆ. ಏನ್ ಅರಚಾಟ ಅಂತೀಯ!”

ಅಜ್ಜಿಯ ಕೈ ಅಕ್ಕನ ಕಾಲಿನ ಮೇಲೆ ನಿಂತುಬಿಟ್ಟಿತು.

“ಸುಮ್ಕಿರಕ್ಕ. ಸೂಜಿ ಆಳಕ್ಕೋಗಿ ಆಗಿದ್ದು ಅದು.”

“ಯಾವಳೇ ಹೇಳಿದ್ದು ನಿಂಗೆ?”

“ಅವ್ವ.”

“ಅವ್ವ ಹೇಳಿದ್ದು, ಗಂಡಿನ ಕಡೆಯೋರು ಕೇಳುದ್ರೆ ಹಂಗನ್ನು ಅಂತ ಕಣೇ! ಹುಟ್ಟಿದ್ ಐಬು ಅಂದ್ರೆ ಒಪ್ಕಳಕಿಲ್ಲ, ಸೂಜಿ ತಾಗಿದ್ದು ಅಂದ್ರೆ ಒಪ್ಕತಾರೆ ಅಂತ. ನೀನು ಅದ್ನೇ ನಿಜ ಅಂದ್ಕೊಂಡು ಕೂತಿದ್ದೀಯಾ ಇಷ್ಟ್ ವರ್ಸ?”

ಕುಟ್ಟಾಣಿಯ ಸದ್ದು ಮತ್ತೆ ಶುರುವಾಯಿತು. ಅಜ್ಜಿ ಬೆರಳು ಎತ್ತಿ ಆ ಬೊಟ್ಟನ್ನು ಮುಟ್ಟಿ ನೋಡಿಕೊಂಡಳು, ಅದೇ ಮೊದಲ ಸಲ ಮುಟ್ಟುವವಳಂತೆ. ನಾನು ತಿರುಗಿ ನೋಡಿದರೆ ಹೊಸ್ತಿಲ ಬಳಿ ಅಮ್ಮ ಇಲ್ಲ, ಅರ್ಧ ಸುಲಿದ ಮೂಸಂಬಿ ಬಿದ್ದಿದೆ. ಹಿತ್ತಲಿಗೆ ಓಡಿದೆ. ಕಾಯಿ ರಾಶಿಯ ಹಿಂದೆ ಅಮ್ಮ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಗೊತ್ತಾಗಲಿಲ್ಲ, ಎರಡೂ ಇತ್ತು. ನನ್ನನ್ನು ಎಳೆದು ಹೊಟ್ಟೆಗೆ ಅವುಚಿಕೊಂಡಳು.

“ನಾನಲ್ಲ ಕಣೇ ರೇಣು. ನಾನಲ್ಲ. ನಾನು ನಿಂಗೆ ಏನೂ ಮಾಡಿಲ್ಲ ಕಣೇ.”

ಅಷ್ಟು ಸಂತೋಷ ನನ್ನ ಬದುಕಿನಲ್ಲಿ ಮತ್ತೆ ಬಂದಿದೆಯೇ ಎಂದು ಕೇಳಿದರೆ, ಬಂದಿರಬಹುದು, ಆದರೆ ನಾನೇ ಹುಡುಕಿ ತಂದುಕೊಟ್ಟ ಸಂತೋಷ ಅದೊಂದೇ. ಕೇಳಬೇಕು, ಇನ್ನೂ ಒಬ್ಬರನ್ನು ಕೇಳಬೇಕು ಎನ್ನುವ ನನ್ನ ಕೆಟ್ಟ ಚಟ ಶುರುವಾದದ್ದೂ ಅಲ್ಲಿಂದಲೇ. ಅದರಿಂದ ನೆಂಟರಿಷ್ಟರ ಮನೆಗಳಲ್ಲಿ ನನಗೆ ಒಳ್ಳೆಯ ಹೆಸರಿಲ್ಲ.

ಉಪ್ಪಾರಹಳ್ಳಿಗೆ ಬಂದ ಮೇಲೆ ಮನೆ ಮೂರು ದಿನ ವಿಚಿತ್ರವಾಗಿತ್ತು. ಅಜ್ಜಿ ಮುದ್ದೆಗೆ ಹೆಸರಿಡಲಿಲ್ಲ. ಮನೆಗೆ ಬಂದ ಯಾವ ಹೆಂಗಸಿಗೂ ನನ್ನ ಗಲ್ಲ ಹಿಡಿದು ತೋರಿಸಲಿಲ್ಲ. ಅಮ್ಮ ಗೆದ್ದವಳ ಹಾಗೆ ಬೀಗಲಿಲ್ಲ, ಒಂದು ಚುಚ್ಚುಮಾತೂ ಆಡಲಿಲ್ಲ. ನನಗಂತೂ ಅದು ನಿರಾಸೆಯೇ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಅಮ್ಮನ ಕಾಲ ಬಂದಾಯಿತು, ಒಂದಾದರೂ ಜಗಳ ನೋಡೋಣ ಎಂದು ನಾನು ಕಾದಿದ್ದೆ. ಅಜ್ಜಿಯ ಬಾಯಿಂದ ‘ತಪ್ಪಾಯಿತು’ ಅನ್ನುವ ಮಾತು ಬರುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆ ಮಾತು ಅವಳಿಗೆ ಬರುತ್ತಲೇ ಇರಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ನಾನು ಮಿಷಿನ್ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದೆ. ಅಜ್ಜಿ ಬಂದವಳೇ ಪುಸ್ತಕಗಳನ್ನು ನೆಲಕ್ಕಿಳಿಸಿ, ನನ್ನನ್ನೂ ಏಳಿಸಿ, ಆ ಹೂವಿನ ಚಾದರ ಎಳೆದು ಮೂಲೆಗೆ ಹಾಕಿದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ಬೆಲ್ಟು ತೆಗೆದು ಮಿಷಿನ್ ಮೇಲಿಟ್ಟಳು. ಒಂಬತ್ತು ವರ್ಷ ಟ್ರಂಕಿನಲ್ಲಿ ಒಣಗಿ ಸೆಟೆದಿದ್ದ ಚರ್ಮ ಮೆತ್ತಗಾಗಿ ಹೊಳೆಯುತ್ತಿತ್ತು. ಹತ್ತಿರ ಹೋಗಿ ಮೂಸಿದೆ, ಹರಳೆಣ್ಣೆ ವಾಸನೆ. ನನ್ನ ಮೈಗೆ ತಿಕ್ಕುವ ಹಾಗೆ ಅದಕ್ಕೂ ಕೂತು ತಿಕ್ಕಿದ್ದಳು. ಪಕ್ಕದಲ್ಲಿ ಮಡಿಚಿದ ಒಂದು ಕಂದು ಬಣ್ಣದ ರವಿಕೆ ಕಣ ಇಟ್ಟು, ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದಳು.

“ಜಯ, ಬಾರವ್ವ ಇಲ್ಲಿ. ಅಳ್ತೆ ತಗೋ. ಆ ಟೈಲರ್ ಹೊಲ್ದಿರದು ತೋಳ್ ಎಳೀತದೆ.”

ಅಮ್ಮನ ಪಿಸುಮಾತು ಅವಳಿಗೆ ಅಷ್ಟು ವರ್ಷವೂ ಕೇಳಿಸಿತ್ತು! ರೈಲು ಡಬ್ಬಿಯ ಮನೆ ತಾನೆ. ಅಮ್ಮ ಕೈ ಒರೆಸಿಕೊಳ್ಳುತ್ತ ಬಂದು ಬೆಲ್ಟು ನೋಡಿದಳು, ಅಜ್ಜಿಯನ್ನು ನೋಡಿದಳು. ಮಿಷಿನ್ ಡ್ರಾಯರಿನಿಂದ ಟೇಪು ತೆಗೆದು ಅಜ್ಜಿಯ ಹಿಂದೆ ನಿಂತು ಭುಜ ಅಳೆದಳು. ತೋಳು ಅಳೆದಳು. ಮುಂದೆ ಬಂದು, “ಕತ್ತು ಮೇಲೆತ್ತಿ ಅತ್ತೆ,” ಎಂದಳು. ಅಜ್ಜಿ ಮುಖ ಎತ್ತಿದಳು. ಹೊಗೆಯಿಲ್ಲ, ಈರುಳ್ಳಿಯಿಲ್ಲ, ಆದರೂ ಅವಳ ಕಣ್ಣು ತುಂಬಿಬಂದು ಹಸಿರು ಬೊಟ್ಟಿನಲ್ಲಿ ಹನಿಯೊಂದು ಮೂಡಿ ನಿಂತಿತು. ಅಜ್ಜಿ ಸೆರಗಿಗೆ ಕೈ ಹಾಕುವ ಮೊದಲೇ ಅಮ್ಮ ತನ್ನ ಸೆರಗಿನ ತುದಿ ಹಿಡಿದು ಒರೆಸಿದಳು. ಕಣ್ಣನ್ನಲ್ಲ, ಅರ್ಧ ಬೆರಳು ಕೆಳಗೆ, ಒತ್ತಿ ಒತ್ತಿ, ಒಂಬತ್ತು ವರ್ಷ ದಿನಾ ಬೆಳಿಗ್ಗೆ ನನಗೆ ಒರೆಸಿದ ಹಾಗೆಯೇ.